ಹೊಳೆ ದಾಟಿದ ಮೇಲೆ

ಇಟಗಿ ಎಂದ ಕೂಡಲೆ ಓದುಗರಲ್ಲಿ ಅನೇಕರಿಗೆ ಮಹಾದೇವ ದೇವಾಲಯದ ಇಟಗಿ ನೆನಪಾಗುತ್ತದೆ. ಆ ಇಟಗಿ ಕೊಪ್ಪಳ ಜಿಲ್ಲೆಯದು. ನಾನು ಹೇಳಹೊರಟಿರುವುದು ಗದಗ ಜಿಲ್ಲೆಯ ಇಟಗಿಯ ಮಾತು. ರೋಣ ಗಜೇಂದ್ರಗಡಗಳ ಸೀಮೆಯಲ್ಲಿ, ಎರೆಹೊಲಗಳ ನಡುವೆ ಇರುವ ಭೀಮಾಂಬಿಕೆಯ ಇಟಗಿ. ನಮ್ಮೂರಿಗೆ ದೇವಿಯುಂಟು, ಜಾತ್ರೆಯುಂಟು, ಜೋಳ ಕಡಲೆ ಬೆಳೆಯುವ ಕರಿಯ ಭೂಮಿಯುಂಟು. ಹೊಳೆ ಮಾತ್ರ ಇಲ್ಲ. ಹೊಳೆ ಕಾಣಬೇಕಾದರೆ ರೋಣ ದಾಟಿ ಹೊಳೆ ಆಲೂರಿನ ಕಡೆಗೆ, ಮಲಪ್ರಭೆಯ ದಂಡೆಗೆ ಹೋಗಬೇಕು. ಹೀಗಾಗಿ ನಾವು ಹುಡುಗರು ಈಜು ಕಲಿತದ್ದು ಬಾವಿಯಲ್ಲಿ. ಕಲಿಸಿದ ಗುರು ಒಂದು ಒಣ ಸೋರೆಬುರುಡೆ. ಅದನ್ನು ಬೆನ್ನಿಗೆ ಕಟ್ಟಿ, ದೊಡ್ಡವರು ಬಾವಿಯ ಮೆಟ್ಟಿಲ ಮೇಲಿನಿಂದ ನೂಕಿಬಿಡುತ್ತಿದ್ದರು. ಮುಳುಗುತ್ತೇವೆಂದು ಕೂಗಿಕೊಳ್ಳುವಷ್ಟರಲ್ಲಿ ಬುರುಡೆ ನಮ್ಮನ್ನು ಎತ್ತಿ ಮೇಲೆ ತಂದಿರುತ್ತಿತ್ತು.

ಹೋದ ಬೇಸಿಗೆಯಲ್ಲಿ ಊರಿಗೆ ಹೋದಾಗ ಅಣ್ಣನ ಮಗ ಅಂಥದೇ ಒಂದು ಬುರುಡೆಯನ್ನು ಅಟ್ಟದ ಮೇಲಿನಿಂದ ಇಳಿಸಿಕೊಂಡು ಬಂದ. ಬಾವಿಯ ಕಟ್ಟೆಯ ಮೇಲೆ ಕುಳಿತು ನೀರಿನೊಳಕ್ಕೆ ಕೈಗೆ ಸಿಕ್ಕಿದ್ದನ್ನೆಲ್ಲ ಎಸೆಯುತ್ತಿದ್ದವನು, ನನ್ನ ಕಡೆಗೆ ತಿರುಗಿ ಕೇಳಿದ: "ಕಾಕಾ, ಬುರುಡಿ ಇಷ್ಟು ದೊಡ್ಡದೈತಿ, ತೇಲತೈತಿ. ಹುಣಸಿಬೀಜ ಇಷ್ಟ ಸಣ್ಣದು. ಅದ್ಯಾಕ ಮುಳಗತೈತಿ?"

ನಾನು ಕನ್ನಡ ಪಾಠ ಹೇಳುವವನು. ಹಳಗನ್ನಡದ ಒಂದು ಸಮಾಸವನ್ನು ಬಿಡಿಸೆಂದಿದ್ದರೆ ಬಿಡಿಸುತ್ತಿದ್ದೆ. "ಹಗುರಾದದ್ದು ತೇಲುತ್ತದೆ, ಭಾರವಾದದ್ದು ಮುಳುಗುತ್ತದೆ" ಎಂದು ಬಾಯಿಗೆ ಬಂದ ಉತ್ತರವನ್ನು ಕೊಟ್ಟೆ. ಹುಡುಗ ನಕ್ಕುಬಿಟ್ಟ. ಹುಣಸೆಬೀಜ ಬುರುಡೆಗಿಂತ ಹಗುರವೆಂಬುದು ಅವನ ಅಂಗೈಗೇ ಗೊತ್ತಿತ್ತು. ಆ ನಗೆ ನನ್ನನ್ನು ಊರಿನಿಂದ ಹಿಂದಿರುಗಿದ ಮೇಲೂ ಬಿಡಲಿಲ್ಲ. ಉತ್ತರ ಹುಡುಕುತ್ತ ಹೋದವನು ಇತಿಹಾಸದ ಹೊಳೆಗಳ ದಂಡೆಯ ಮೇಲೆ ಬಂದು ನಿಂತೆ. ಅಲ್ಲಿ ಕಂಡದ್ದನ್ನು ಓದುಗರ ಮುಂದಿಡುವುದಷ್ಟೇ ಈ ಬರೆಹದ ಉದ್ದೇಶ.

ಮೊದಲು ಹುಡುಗನ ಪ್ರಶ್ನೆಗೆ ಉತ್ತರ ಹೇಳಿಬಿಡೋಣ. ಬಾವಿಯಿಂದ ನೀರು ಸೇದಿದವರಿಗೆಲ್ಲ ಒಂದು ಅನುಭವವುಂಟು. ತುಂಬಿದ ಕೊಡ ನೀರಿನೊಳಗೆ ಇರುವವರೆಗೆ ಹಗ್ಗಕ್ಕೆ ಭಾರವೇ ಇಲ್ಲ. ಕೊಡ ನೀರಿನಿಂದ ಹೊರಕ್ಕೆ ಬಂದ ಕ್ಷಣದಲ್ಲಿ ರಟ್ಟೆಗೆ ಬಿಗಿ ಬೀಳುತ್ತದೆ. ಅದುವರೆಗೆ ಆ ಭಾರವನ್ನು ಹೊತ್ತಿದ್ದವರು ಯಾರು? ನೀರೇ ಹೊತ್ತಿತ್ತು. ಯಾವ ವಸ್ತು ನೀರಿಗೆ ಇಳಿದರೂ ತನಗೆ ಬೇಕಾದಷ್ಟು ಜಾಗವನ್ನು ನೀರಿನಿಂದ ಕಸಿದುಕೊಳ್ಳುತ್ತದೆ. ಹಾಗೆ ಪಕ್ಕಕ್ಕೆ ಸರಿದ ನೀರಿನ ತೂಕ ಎಷ್ಟೋ, ಅಷ್ಟು ಬಲದಿಂದ ಉಳಿದ ನೀರು ಆ ವಸ್ತುವನ್ನು ಮೇಲಕ್ಕೆ ಒತ್ತುತ್ತದೆ. ಸರಿಸಿದ ನೀರು ವಸ್ತುವಿಗಿಂತ ಹೆಚ್ಚು ತೂಗುವಂತಿದ್ದರೆ ವಸ್ತು ತೇಲುತ್ತದೆ. ಕಡಿಮೆ ತೂಗಿದರೆ ಮುಳುಗುತ್ತದೆ. ಇಷ್ಟೇ ಲೆಕ್ಕ. ಎಂಟು ಸೇರು ನೀರು ಹಿಡಿಯುವ ಸೋರೆಬುರುಡೆ ತಾನು ಅರ್ಧ ಸೇರೂ ತೂಗಲಿಕ್ಕಿಲ್ಲ. ಅದು ಮುಳುಗಬೇಕಾದರೆ ಎಂಟು ಸೇರು ನೀರನ್ನು ಸರಿಸಬೇಕು. ಹುಣಸೆಬೀಜ ತನ್ನ ಗಾತ್ರದ ನೀರಿಗಿಂತ ತುಸು ಹೆಚ್ಚು ತೂಗುತ್ತದೆ, ಆದ್ದರಿಂದ ಮುಳುಗುತ್ತದೆ. ಹತ್ತು ಜನ ಎತ್ತಲಾರದ ಸಾಗುವಾನಿ ದಿಮ್ಮಿ ತೇಲುತ್ತದೆ. ಕರಿಮರದ ಒಂದು ಸಣ್ಣ ಚೂರು ತಳ ಸೇರುತ್ತದೆ. ಕಬ್ಬಿಣದ ಗಟ್ಟಿ ಮುಳುಗುತ್ತದೆ. ಅದೇ ಕಬ್ಬಿಣವನ್ನು ಬಡಿದು ಬಾಣಲೆ ಮಾಡಿದರೆ ತೇಲುತ್ತದೆ. ತೂಕ ಬದಲಾಗಲಿಲ್ಲ, ಆಕಾರ ಬದಲಾಯಿತು, ಒಳಗೆ ಗಾಳಿಗೆ ಎಡೆಯಾಯಿತು.

ಈ ಲೆಕ್ಕವನ್ನು ಮೊದಲು ಶಾಸ್ತ್ರವಾಗಿ ಬರೆದವನು ಗ್ರೀಕರ ಆರ್ಕಿಮಿಡೀಸ್. ಕ್ರಿಸ್ತಪೂರ್ವ ಮೂರನೆಯ ಶತಮಾನದವನು, ಸಿರಾಕ್ಯೂಸ್ ನಗರದವನು. ಅರಸನ ಕಿರೀಟದ ಕಥೆ, ಸ್ನಾನದ ತೊಟ್ಟಿಯಿಂದ ಎದ್ದು ಓಡಿದ ಕಥೆ ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು. ಆ ಕಥೆ ಅವನ ಕಾಲಕ್ಕಿಂತ ಸುಮಾರು ಇನ್ನೂರು ವರ್ಷಗಳ ಅನಂತರ ಬರೆದ ಒಂದು ರೋಮನ್ ಗ್ರಂಥದಲ್ಲಿ ಬರುತ್ತದೆ. ನಿಜವೋ ಕಟ್ಟುಕಥೆಯೋ ಹೇಳಲಾಗದು. ಆದರೆ ತೇಲುವ ವಸ್ತುಗಳ ಮೇಲೆ ಅವನು ಬರೆದ ಪುಸ್ತಕ ಮಾತ್ರ ಕಟ್ಟುಕಥೆಯಲ್ಲ, ಇಂದಿಗೂ ಉಳಿದಿದೆ.

ಬರೆದವನು ಅವನು ಸರಿ. ಅರಿತವನು ಅವನೊಬ್ಬನೇ ಏನು?

ಬಿಜಾಪುರದ ಆದಿಲಶಾಹಿ ರಾಜ್ಯದಲ್ಲಿ ಮುರಾರ ಜಗದೇವನೆಂಬ ಮಂತ್ರಿಯಿದ್ದ. ೧೬೩೩ರ ಸುಮಾರಿಗೆ ಅವನು ಪುಣೆಯ ಸಮೀಪದಲ್ಲಿ ಭೀಮಾ ಇಂದ್ರಾಯಣಿ ನದಿಗಳ ಸಂಗಮದಲ್ಲಿ ತುಲಾದಾನ ಮಾಡಿದನೆಂದೂ, ಆನೆಯೊಂದನ್ನು ತೂಗಿ ಅಷ್ಟು ತೂಕದ ದಾನವನ್ನು ಕೊಡಬೇಕೆಂದು ಬಯಸಿದನೆಂದೂ ಐತಿಹ್ಯವುಂಟು. ಆನೆಯನ್ನು ತೂಗುವ ತಕ್ಕಡಿ ಎಲ್ಲಿಂದ ಬರಬೇಕು? ಆಗ ಉಪಾಯ ಹೇಳಿದವನು ಶಹಾಜಿ ಭೋಸಲೆಯಂತೆ. ಮುಂದೆ ಬೆಂಗಳೂರಿನ ಜಹಗೀರು ಪಡೆದು ಕನ್ನಡ ನಾಡಿನಲ್ಲಿ ಬಾಳಿದ, ಶಿವಾಜಿಯ ತಂದೆ ಶಹಾಜಿ. ಆನೆಯನ್ನು ದೋಣಿಯಲ್ಲಿ ನಿಲ್ಲಿಸಿ, ದೋಣಿ ಎಷ್ಟು ಮುಳುಗಿತೋ ಅಲ್ಲಿ ಗೆರೆ ಎಳೆದು, ಆನೆಯನ್ನು ಇಳಿಸಿ, ಅದೇ ಗೆರೆಯವರೆಗೆ ಮುಳುಗುವಷ್ಟು ಕಲ್ಲು ತುಂಬಿಸಿ, ಆ ಕಲ್ಲುಗಳನ್ನು ತೂಗಿದರು. ಆ ಊರಿಗೆ ತುಳಾಪುರವೆಂದು ಹೆಸರಾಯಿತು. ಇದೇ ಕಥೆಯನ್ನು ಚೀನದವರು ತಮ್ಮ ಛಾವ್ ಛೋಂಗ್ ಎಂಬ ಬಾಲಕನ ಮೇಲೆ ಹೇಳುತ್ತಾರೆ. ಆ ಹುಡುಗ ಕ್ರಿ. ಶ. ೨೦೮ರಲ್ಲಿ ತೀರಿಕೊಂಡವನು. ಯಾರಿಂದ ಯಾರು ಕಲಿತರು ಎಂದು ಜಗಳವಾಡುವುದು ಬೇಡ. ನನಗೆ ತೋರುವುದು ಇಷ್ಟೆ: ದೋಣಿ ಇರುವ ಯಾವ ನಾಡಿನಲ್ಲಿಯೂ ಅಂಬಿಗನಿಗೆ ಈ ಗೆರೆಯ ವಿದ್ಯೆ ಗೊತ್ತಿರಲೇಬೇಕು. ಎಷ್ಟು ಜನ ಹತ್ತಿದರೆ ದೋಣಿ ಎಷ್ಟು ಇಳಿಯುತ್ತದೆ ಎಂದು ತಿಳಿಯದವನು ಎರಡನೆಯ ದಿನ ದೋಣಿ ನಡೆಸಲು ಉಳಿಯುವುದಿಲ್ಲ. ಮಂತ್ರಿ ಸರದಾರರು ಸಂಗಮದಲ್ಲಿ ಒಮ್ಮೆ ಮಾಡಿದ್ದು ಕಥೆಯಾಯಿತು. ಅಂಬಿಗ ದಿನವೂ ಮಾಡಿದ್ದು ಕಥೆಯಾಗಲಿಲ್ಲ.

ನಮ್ಮ ನಾಡಿನ ಅಂಬಿಗನ ದೋಣಿ ಯಾವುದು? ಹರಿಗೋಲು. ತುಂಗಭದ್ರೆಯ ದಂಡೆಯಲ್ಲಿ ಇಂದೂ ಅದನ್ನು ನೋಡಬಹುದು. ಹಂಪಿಗೆ ಹೋದವರು ಅದರಲ್ಲಿ ಕುಳಿತು ಬಂದಿರಲೂಬಹುದು. ಬಿದಿರನ್ನು ಸೀಳಿ ಹೆಣೆದ ದೊಡ್ಡ ಬುಟ್ಟಿ, ಹೊರಗೆ ತೊಗಲಿನ ಹೊದಿಕೆ. ಈಚೆಗೆ ತೊಗಲು ಹೋಗಿ ಡಾಂಬರು ಮೆತ್ತಿದ ಚೀಲ, ಪ್ಲಾಸ್ಟಿಕ್ಕು ಬಂದಿವೆ. ವಿಜಯನಗರಕ್ಕೆ ೧೫೨೦ರ ಸುಮಾರಿನಲ್ಲಿ ಬಂದಿದ್ದ ಪೋರ್ತುಗೀಜ ಪ್ರವಾಸಿ ಡೊಮಿಂಗೊ ಪಾಯಸ್ ಇದನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಬುಟ್ಟಿಯಂತೆ ಗುಂಡಾದ ದೋಣಿಗಳು, ಒಳಗೆ ಬೆತ್ತ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಜನರನ್ನು ಒಯ್ಯುತ್ತವೆ. ಬೇಕಾದರೆ ಕುದುರೆ ಎತ್ತುಗಳೂ ಅದರಲ್ಲಿ ದಾಟಬಹುದು. ನೆಟ್ಟಗೆ ಹೋಗಲಾರದೆ ಸದಾ ಸುತ್ತುತ್ತಲೇ ಇರುತ್ತವೆ. ಈ ರಾಜ್ಯದ ಹೊಳೆಗಳಲ್ಲಿ ಇವಲ್ಲದೆ ಬೇರೆ ದೋಣಿಗಳೇ ಇಲ್ಲ. ಇದು ಅವನ ಮಾತಿನ ಸಾರ. ಅವನಿಗಿಂತ ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬಾಬಿಲೋನಿನ ಇಂಥದೇ ಗುಂಡು ತೊಗಲದೋಣಿಗಳನ್ನು ಬಣ್ಣಿಸಿದ್ದ.

ಪಾಯಸ್ ಹೇಳಿದ ಇಪ್ಪತ್ತು ಜನರ ಮಾತು ಉತ್ಪ್ರೇಕ್ಷೆಯೆ? ಲೆಕ್ಕ ಮಾಡಿ ನೋಡೋಣ. ಅಡ್ಡಳತೆ ಮೂರು ಮೀಟರು, ಎಂದರೆ ಹತ್ತಡಿಯಷ್ಟು ಇರುವ ಒಂದು ಹರಿಗೋಲನ್ನು ಇಟ್ಟುಕೊಳ್ಳಿ. ಅದರ ತಳದ ವಿಸ್ತೀರ್ಣ ಸುಮಾರು ೭ ಚದರ ಮೀಟರು. ಅದು ನೀರಿನಲ್ಲಿ ಒಂದು ಸೆಂಟಿಮೀಟರು ಇಳಿದರೆ ೭೦ ಲೀಟರು ನೀರು ಪಕ್ಕಕ್ಕೆ ಸರಿಯುತ್ತದೆ. ಆ ನೀರಿನ ತೂಕ ೭೦ ಕಿಲೋ. ಅದು ಸುಮಾರು ಒಬ್ಬ ಆಳಿನ ತೂಕ! ಅಂದರೆ ಒಬ್ಬೊಬ್ಬನು ಹತ್ತಿ ಕುಳಿತಾಗಲೂ ಹರಿಗೋಲು ಒಂದೊಂದು ಸೆಂಟಿಮೀಟರು ಇಳಿಯುತ್ತದೆ. ಇಪ್ಪತ್ತು ಜನ ಹತ್ತಿದರೆ ಇಪ್ಪತ್ತು ಸೆಂಟಿಮೀಟರು, ಹೆಚ್ಚೂಕಡಿಮೆ ಒಂದು ಗೇಣು. ೪೦೦ ಕಿಲೋ ತೂಗುವ ಕುದುರೆ ಹತ್ತಿದರೆ ಆರು ಸೆಂಟಿಮೀಟರಿಗಿಂತ ಹೆಚ್ಚಿಲ್ಲ. ಬುಟ್ಟಿಯ ಅಂಚು ಎರಡಡಿಯಾದರೂ ಎತ್ತರವಿರುವಾಗ ಇದೇನು ಮಹಾ? ಪಾಯಸ್ ಸುಳ್ಳು ಹೇಳಲಿಲ್ಲ.

ಇನ್ನು ಅದರ ಗುಂಡನೆಯ ಆಕಾರ. ಇಷ್ಟೇ ಉದ್ದದ ಅಂಚಿನೊಳಗೆ ಅತ್ಯಂತ ಹೆಚ್ಚು ಜಾಗವನ್ನು ಹಿಡಿಯುವ ಆಕಾರ ವೃತ್ತ; ಆದ್ದರಿಂದ ಕಡಿಮೆ ಬಿದಿರಿನಲ್ಲಿ ಹೆಚ್ಚು ನೀರನ್ನು ಸರಿಸುವ ದೋಣಿಯೂ ಅದೇ. ತಳ ಚಪ್ಪಟೆ, ಇಳಿತ ಕಡಿಮೆ; ಬಂಡೆಗಳು ತುಂಬಿದ ತುಂಗಭದ್ರೆಯಲ್ಲಿ ಉದ್ದನೆಯ ಆಳದ ದೋಣಿ ಒಡೆಯುವ ಕಡೆ ಇದು ಬಂಡೆಯ ಮೇಲಿನಿಂದ ಜಾರಿ ಹೋಗುತ್ತದೆ. ತಗುಲಿದರೂ ಬಿದಿರು ಬಾಗುತ್ತದೆ, ಮುರಿಯುವುದಿಲ್ಲ. ಪರದೇಶಿಗೆ ನಗೆ ತಂದ ಸುತ್ತಾಟ, ಈ ಲಾಭಗಳಿಗೆಲ್ಲ ತೆತ್ತ ಬೆಲೆ.

ಇದು ಬರಿಯ ಜಾಣತನದ ಮಾತಾಗಿ ಉಳಿಯಲಿಲ್ಲ. ಈ ಬುಟ್ಟಿಗಳ ಮೇಲೆ ರಾಜ್ಯಗಳ ಅಳಿವು ಉಳಿವು ನಿಂತಿತ್ತು. ಬಿಜಾಪುರದ ದರಬಾರಿನಲ್ಲಿದ್ದ ಇತಿಹಾಸಕಾರ ಫಿರಿಸ್ತಾ ಒಂದು ಪ್ರಸಂಗವನ್ನು ಬರೆದಿದ್ದಾನೆ. ೧೫೨೦ರಲ್ಲಿ ರಾಯಚೂರಿಗಾಗಿ ಕೃಷ್ಣದೇವರಾಯನ ಮೇಲೆ ದಂಡೆತ್ತಿ ಬಂದ ಇಸ್ಮಾಯಿಲ್ ಆದಿಲ್ ಶಹ ಕೃಷ್ಣೆಯ ದಂಡೆಯಲ್ಲಿ ಬೀಡುಬಿಟ್ಟಿದ್ದ. ಪಾನಗೋಷ್ಠಿಯ ಉತ್ಸಾಹದಲ್ಲಿ ಹೊಳೆ ದಾಟುವ ಮನಸ್ಸಾಯಿತು. ತೆಪ್ಪಗಳು ಸಿದ್ಧವೇ ಎಂದು ಕೇಳಿದ. ತೊಗಲು ಹೊದಿಸಿದವು ನೂರು ಸಿದ್ಧವಾಗಿವೆ, ಉಳಿದವಕ್ಕೆ ಇನ್ನೂ ಕೆಲವು ದಿನ ಬೇಕು ಎಂದರು. ಸುಲ್ತಾನ ಕಾಯಲಿಲ್ಲ. ಇದ್ದಷ್ಟರಲ್ಲೇ ಸೈನ್ಯದ ಒಂದು ಭಾಗವನ್ನು ದಾಟಿಸಿ ಆಚೆಯ ದಂಡೆಗೆ ಹೋದ. ಎದುರಿಗೆ ವಿಜಯನಗರದ ಮಹಾಸೈನ್ಯ ನಿಂತಿತ್ತು. ಹಿಂದಕ್ಕೆ ಬರಲು ತೆಪ್ಪಗಳು ಸಾಲಲಿಲ್ಲ. ಸೈನಿಕರು ಕವಚ ಕತ್ತಿಗಳ ಸಮೇತ ಹೊಳೆಗೆ ಧುಮುಕಿದರು. ಬಹುಮಂದಿ ಮೇಲಕ್ಕೆ ಬರಲಿಲ್ಲ. ಸುಲ್ತಾನ ಆನೆಯ ಮೇಲೆ ಕುಳಿತು, ಆನೆ ಈಜಿದ್ದರಿಂದ, ಬದುಕಿಕೊಂಡ. ತೊಗಲು ಹೊಲಿಯುವವರು ಕೇಳಿದ ಕೆಲವು ದಿನಗಳ ಗಡುವನ್ನು ಅರಸನು ಕೊಟ್ಟಿದ್ದರೆ ಕಾಳಗ ಹೇಗೆ ಮುಗಿಯುತ್ತಿತ್ತೋ ತಿಳಿಯದು. ಅಷ್ಟು ಜನ ಹೊಳೆಯ ಪಾಲಾಗುತ್ತಿರಲಿಲ್ಲ ಎಂದು ಮಾತ್ರ ಹೇಳಬಹುದು.

ನಮ್ಮ ಮಲಪ್ರಭೆಗೂ ಇಂಥ ಒಂದು ದಿನ ಬಂದಿತ್ತು. ಟಿಪ್ಪುವಿನ ಪತನದ ದಿನ ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಿದ್ದ ಚನ್ನಗಿರಿಯ ಧೋಂಡಿಯ ವಾಘ ಸೈನ್ಯ ಕೂಡಿಸಿಕೊಂಡು ಧಾರವಾಡ ಸೀಮೆಯನ್ನೆಲ್ಲ ಸುತ್ತುತ್ತಿದ್ದ. ಅವನನ್ನು ಬೆನ್ನಟ್ಟಿದವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಮುಂದೆ ೧೮೧೫ರಲ್ಲಿ ವಾಟರ್ಲೂ ರಣರಂಗದಲ್ಲಿ ನೆಪೋಲಿಯನ್ನನನ್ನು ಸೋಲಿಸಿ ಜಗತ್ಪ್ರಸಿದ್ಧನಾದ ವೆಲ್ಲಿಂಗ್ಟನ್. ೧೮೦೦ರ ಜೂನಿನಲ್ಲಿ ಹರಿಹರದ ಬಳಿ ತುಂಗಭದ್ರೆಯನ್ನು ದಾಟಿ, ರಾಣೆಬೆನ್ನೂರು, ಕುಂದಗೋಳ, ಡಂಬಳಗಳನ್ನು ಹಿಡಿದು, ಜುಲೈ ೩೦ರ ಮಧ್ಯಾಹ್ನ ಮುನವಳ್ಳಿಯ ಬಳಿ ಮಲಪ್ರಭೆಯ ದಂಡೆಯಲ್ಲಿದ್ದ ಧೋಂಡಿಯನ ಪಾಳೆಯದ ಮೇಲೆ ಒಮ್ಮೆಲೆ ಎರಗಿದ. ಆಷಾಢ ಶ್ರಾವಣದ ಹೊಳೆ ತುಂಬಿ ಹರಿಯುತ್ತಿತ್ತು. ಸುಮಾರು ಐದು ಸಾವಿರ ಜನ ಹೊಳೆಗೆ ಬಿದ್ದು ಮುಳುಗಿದರೆಂದು ಎರಡು ದಿನಗಳ ಮೇಲೆ ವೆಲ್ಲೆಸ್ಲಿ ತನ್ನ ಮಿತ್ರ ಥಾಮಸ್ ಮನ್ರೋವಿಗೆ ಬರೆದ ಕಾಗದದಲ್ಲಿ ತಿಳಿಸಿದ್ದಾನೆ. ಗೆದ್ದವನ ಲೆಕ್ಕ ಅದು, ಸ್ವಲ್ಪ ಹೆಚ್ಚೇ ಇರಬಹುದು. ಅರ್ಧವೆಂದರೂ ಎಷ್ಟಾಯಿತು! ಅವರು ಸಿಪಾಯಿಗಳು ಮಾತ್ರವಲ್ಲ. ಪಾಳೆಯದಲ್ಲಿ ಹೆಂಗಸರು, ಮಕ್ಕಳು, ಹೇರು ಹೊರುವವರು ಎಲ್ಲರೂ ಇರುತ್ತಿದ್ದ ಕಾಲ. ಅವರ ಹೆಸರುಗಳು ಯಾವ ಕಾಗದದಲ್ಲಿಯೂ ಇಲ್ಲ.

ಅದೇ ವೆಲ್ಲೆಸ್ಲಿ ಈ ನಾಡಿನ ಹೊಳೆಗಳಿಂದ ಒಂದು ಪಾಠ ಕಲಿತ. ೧೮೦೩ರಲ್ಲಿ ಮರಾಠರ ಮೇಲೆ ಯುದ್ಧಕ್ಕೆ ಹೊರಟಾಗ, ಹೊಳೆಗಳು ತುಂಬಿ ಹರಿಯುವ ಕಾಲವೇ ತನಗೆ ಅನುಕೂಲವೆಂದು ಅವನು ವಾದಿಸಿದ. ಮರಾಠರ ಬಲವೆಲ್ಲ ಕುದುರೆ; ಕುದುರೆಗೆ ತುಂಬಿದ ಹೊಳೆ ಗೋಡೆ. ದೋಣಿಯಿದ್ದವನಿಗೆ ಅದು ಹಾದಿ. ಆ ದೋಣಿಗಳು ಯಾವುವು? ಹಡಗು ಕಟ್ಟೆಯಿಂದ ತಂದವಲ್ಲ. ತೊಗಲು ಹೊದಿಸಿದ ಬುಟ್ಟಿಗಳು. ಅವನ್ನು ಕಟ್ಟಿಸುವ, ಸಾಗಿಸುವ ಮಾತು ಅವನ ಕಾಗದಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನಮ್ಮ ಮೇದರು ಹೆಣೆಯುತ್ತಿದ್ದ ಬುಟ್ಟಿ ಕಂಪನಿ ಸರಕಾರದ ಯುದ್ಧೋಪಕರಣವಾಯಿತು. ಕಂಡು ಬರೆದವನು ಪೋರ್ತುಗೀಜ, ಕಂಡು ಬಳಸಿದವನು ಇಂಗ್ಲಿಷಿನವನು.

ಇಲ್ಲಿಗೆ ಬಂದಾಗ ಕನ್ನಡ ಮೇಷ್ಟರಾದ ನನಗೆ ಒಂದು ಸಂಕೋಚವಾಗುತ್ತದೆ. ನಮ್ಮವರು ಏನು ಬರೆದರು?

ದೋಣಿ ನಮ್ಮ ಸಾಹಿತ್ಯದಲ್ಲಿ ಇಲ್ಲವೆಂದಲ್ಲ. ಸಂಸಾರವೆಂದರೆ ಸಾಗರ, ಗುರುವೆಂದರೆ ಅಂಬಿಗ. ಪುರಂದರದಾಸರು ದೇವರನ್ನು ಅಂಬಿಗನೆಂದು ಕರೆದು, ಈ ದೇಹವನ್ನು ಒಂಬತ್ತು ತೂತುಗಳ ಹರಿಗೋಲಿಗೆ ಹೋಲಿಸಿ ಹಾಡಿದರು. ಎಂಥ ಸರಿಯಾದ ಹೋಲಿಕೆ! ಹರಿಗೋಲನ್ನು ತೇಲಿಸುವುದು ಬಿದಿರಲ್ಲ, ತೊಗಲಲ್ಲ, ಒಳಗಿರುವ ಬರಿದು. ತೂತಿನಿಂದ ನೀರು ಬಂದು ಆ ಬರಿದನ್ನು ತುಂಬಿತೆಂದರೆ ಹೊತ್ತ ಭಾರ ಹೊರಲಾಗುವುದಿಲ್ಲ. ದಾಸರು ಹೊಳೆಯ ದಂಡೆಯಲ್ಲಿ ನಿಂತು ನೋಡಿದ್ದರೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಅವರಿಗಿಂತ ಮುಂಚೆ, ಹನ್ನೆರಡನೆಯ ಶತಮಾನದಲ್ಲಿ, ಅಂಬಿಗನೇ ವಚನಕಾರನಾದ. ತುಂಗಭದ್ರೆಯ ದಂಡೆಯ ಚೌಡಯ್ಯದಾನಪುರ ಅಂಬಿಗರ ಚೌಡಯ್ಯನ ಹೆಸರನ್ನು ಇಂದಿಗೂ ಹೊತ್ತಿದೆ. ಇನ್ನೊಂದು ಮಾತು ನೋಡಿ: ಒಂದು ಹರಿಗೋಲು ಆಗಬೇಕಾದರೆ ಮೂರು ಕಾಯಕಗಳು ಕೂಡಬೇಕು. ಬಿದಿರು ಸೀಳಿ ಹೆಣೆಯುವವನು ಬೇಕು, ತೊಗಲು ಹದಮಾಡಿ ಹೊಲಿಯುವವನು ಬೇಕು, ನಡೆಸುವವನು ಬೇಕು. ಶರಣರಲ್ಲಿ ಮೇದರ ಕೇತಯ್ಯನಿದ್ದ, ಸಮಗಾರ ಹರಳಯ್ಯನಿದ್ದ, ಅಂಬಿಗರ ಚೌಡಯ್ಯನಿದ್ದ. ಊರಿನ ಅಂಚಿನಲ್ಲಿ ಇದ್ದ ಮೂರು ಕೈಗಳು ಕೂಡಿದಾಗ ಊರಿಗೆ ಊರೇ ಹೊಳೆ ದಾಟುತ್ತಿತ್ತು. ದಾಟಿದ ಅರಸರ ಹೆಸರು ಶಾಸನಗಳಲ್ಲಿ ಉಳಿಯಿತು.

ಪಂಡಿತರು ನೀರನ್ನು ಕುರಿತು ಬರೆಯಲಿಲ್ಲವೆಂದಲ್ಲ. ಬರೆದರು, ಬೇರೆ ಕಾರಣಕ್ಕೆ. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ (೧೦೭೬-೧೧೨೬) ಕಾಲದಲ್ಲಿ ವಿಜ್ಞಾನೇಶ್ವರನು ರಚಿಸಿದ 'ಮಿತಾಕ್ಷರಾ' ಭಾರತದ ಬಹುಭಾಗದಲ್ಲಿ ಪ್ರಮಾಣವೆನಿಸಿದ ಧರ್ಮಶಾಸ್ತ್ರ ಗ್ರಂಥ. ಅದರಲ್ಲಿ ಆಪಾದಿತನನ್ನು ಪರೀಕ್ಷಿಸುವ ದಿವ್ಯಗಳ ವಿವರವಿದೆ, ಜಲದಿವ್ಯವೂ ಒಂದು. ನಾಭಿಮಟ್ಟದ ನೀರಿನಲ್ಲಿ ಒಬ್ಬನು ನಿಲ್ಲಬೇಕು, ಆಪಾದಿತನು ಅವನ ತೊಡೆ ಹಿಡಿದು ಮುಳುಗಬೇಕು, ಬಿಟ್ಟ ಬಾಣವನ್ನು ವೇಗವಾಗಿ ಓಡುವವನೊಬ್ಬ ತರುವವರೆಗೆ ಮೇಲೆ ಕಾಣಿಸದಿದ್ದರೆ ಅವನು ಶುದ್ಧ. ಯೂರೋಪಿನಲ್ಲಿಯೂ ಹೀಗೆಯೇ ಮಾಟಗಾತಿಯೆಂದು ಹೆಸರಿಟ್ಟ ಹೆಂಗಸರನ್ನು ಕಟ್ಟಿ ನೀರಿಗೆ ಹಾಕುತ್ತಿದ್ದರು. ತೇಲಿದವಳು ಪಾಪಿ, ಮುಳುಗಿದವಳು ನಿರಪರಾಧಿ. ಅಂಬಿಗನನ್ನು ಕೇಳಿದ್ದರೆ ಆತ ಹೇಳುತ್ತಿದ್ದ: ಮನುಷ್ಯನ ದೇಹ ನೀರಿಗಿಂತ ಅಷ್ಟೇನೂ ಭಾರವಲ್ಲ, ಅಷ್ಟೇನೂ ಹಗುರವೂ ಅಲ್ಲ. ಎದೆ ತುಂಬ ಉಸಿರು ಎಳೆದುಕೊಂಡರೆ ಬಹುಮಂದಿ ತೇಲುತ್ತಾರೆ. ಉಸಿರು ಬಿಟ್ಟರೆ ಇಳಿಯುತ್ತಾರೆ. ನೀರು ಉಸಿರನ್ನು ತೂಗುತ್ತದೆ. ಪಾಪ ಪುಣ್ಯಗಳನ್ನು ತೂಗುವುದಿಲ್ಲ. ದಿವ್ಯದಲ್ಲಿ ಯಾರು ಎಲ್ಲಿ ನಿಲ್ಲಬೇಕೆಂದು ಇಷ್ಟು ಸೂಕ್ಷ್ಮವಾಗಿ ಬರೆಯಬಲ್ಲ ಲೇಖನಿ ನಮ್ಮಲ್ಲಿತ್ತು. ಆದರೆ ಹರಿಗೋಲಿಗೆ ಎಷ್ಟು ಬಿದಿರು ಬೇಕು, ತೊಗಲನ್ನು ಹೇಗೆ ಹದಮಾಡಬೇಕು, ಎಷ್ಟು ಜನ ಹತ್ತಿದ ಮೇಲೆ ಅಂಬಿಗ ಸಾಕೆನ್ನಬೇಕು ಎಂಬುದನ್ನು ನಾನು ಓದಿ ಪಾಠ ಹೇಳಿದ ಯಾವ ಕಾವ್ಯದಲ್ಲಿಯೂ ಕಂಡಿಲ್ಲ. ನಮಗೆ ದೋಣಿ ಉಪಮೆಯಾಗಿ ಬೇಕಾಯಿತು, ದೋಣಿಯಾಗಿ ಬೇಕಾಗಲಿಲ್ಲ.

ನಮ್ಮ ಜನರ ಬಾಯಲ್ಲಿ ಒಂದು ಗಾದೆಯುಂಟು: ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ಕೃತಘ್ನರನ್ನು ಹಳಿಯಲು ಹೇಳುವ ಗಾದೆ. ನಮ್ಮ ಇತಿಹಾಸದ ಪುಸ್ತಕಗಳನ್ನು ತೆರೆದು ನೋಡಿದರೆ ಗಾದೆ ನಮಗೇ ಹೇಳಿದಂತಿದೆ.

ಈಗ ನಾವು ನಿಜವಾಗಿಯೂ ಹೊಳೆ ದಾಟಿದ್ದೇವೆ. ೧೮೮೪ರಲ್ಲಿ ಗದಗದಿಂದ ಹೊಟಗಿಗೆ ರೈಲು ಹಾದಿಯಾಯಿತು. ಹೊಳೆ ಆಲೂರಿನ ಕಡೆಯವರು ಮಲಪ್ರಭೆಯನ್ನು ಗಾಡಿಯಲ್ಲಿ ಕುಳಿತೇ ದಾಟತೊಡಗಿದರು. ಆಮೇಲೆ ರಸ್ತೆಯ ಸೇತುವೆಗಳು ಬಂದವು. ಸವದತ್ತಿಯ ನವಿಲುತೀರ್ಥದಲ್ಲಿ ಅಣೆಕಟ್ಟು ಬಂತು. ಇದು ಒಳ್ಳೆಯದೇ. ಮಳೆಗಾಲದಲ್ಲಿ ಬಸುರಿ ಬಾಣಂತಿಯರು ಬುಟ್ಟಿಯಲ್ಲಿ ಸುತ್ತುತ್ತ ಹೊಳೆ ದಾಟಬೇಕೆಂದು ಯಾರು ಬಯಸುತ್ತಾರೆ? ಹಳೆಯದೆಲ್ಲ ಚೆನ್ನ ಎಂದು ಹಾಡುವವನು ನಾನಲ್ಲ.

ಆದರೆ ಎಲ್ಲರೂ ದಾಟಿಲ್ಲ. ಆನೆಗೊಂದಿಯ ದಾರಿಯಲ್ಲಿ ಕಟ್ಟುತ್ತಿದ್ದ ಸೇತುವೆ ೨೦೦೯ರಲ್ಲಿ ಕುಸಿದುಬಿತ್ತು. ಪಾಯಸ್ ಕಂಡ ಆ ಕಡವಿನಲ್ಲಿ ಜನ ಮತ್ತೆ ದೋಣಿಯನ್ನೇ ನೆಚ್ಚಬೇಕಾಯಿತು. ೨೦೧೩ರ ಮಳೆಗಾಲದಲ್ಲಿ ಕೃಷ್ಣೆಯ ನಡುಗಡ್ಡೆಯೊಂದರಿಂದ ತುಂಬು ಗರ್ಭಿಣಿಯೊಬ್ಬಳು, ಹೆರಿಗೆಗೆ ಆಸ್ಪತ್ರೆಯ ಕಡೆಗೆ ಹೋಗಬೇಕೆಂದು, ಮೈಗೆ ಒಣ ಬುರುಡೆಗಳನ್ನು ಕಟ್ಟಿಕೊಂಡು ಪ್ರವಾಹದಲ್ಲಿ ಈಜಿ ದಂಡೆ ಸೇರಿದಳು. ಜೊತೆಯಲ್ಲಿ ಅವಳ ಮನೆಯ ಗಂಡಸರೂ ಈಜಿ ಬಂದರು. ಪತ್ರಿಕೆಗಳಲ್ಲಿ ಅದನ್ನು ಓದಿದಾಗ ನನಗೆ ಸಾಹಸ ಕಂಡ ಹೆಮ್ಮೆಯ ಜೊತೆಗೆ ನಾಚಿಕೆಯೂ ಆಯಿತು. ನೀರಿನಲ್ಲಿ ಮನುಷ್ಯನ ಮೈ ತನ್ನ ಭಾರವನ್ನು ಬಹುಮಟ್ಟಿಗೆ ತಾನೇ ಹೊರುತ್ತದೆ. ತಲೆಯೊಂದು ಮೇಲಿರಲು ನಾಲ್ಕೈದು ಸೇರಿನ ಆಸರೆ ಸಾಕು. ಆ ಆಸರೆಯನ್ನು ಒಂದು ಬುರುಡೆ ಕೊಡಬಲ್ಲದು, ಎರಡಿದ್ದರೆ ಧೈರ್ಯವನ್ನೂ ಕೊಡಬಲ್ಲದು. ಆಕೆ ಇದನ್ನು ಯಾವ ಪುಸ್ತಕದಲ್ಲಿಯೂ ಓದಿರಲಿಲ್ಲ. ಓದಿದ ನಾವು ಅವಳಿಗೊಂದು ಸೇತುವೆಯನ್ನು ಕೊಟ್ಟಿರಲಿಲ್ಲ.

ಇನ್ನು ೨೦೧೯ರ ಆಗಸ್ಟ್ ತಿಂಗಳು ನಮ್ಮ ಕಡೆಯವರು ಮರೆಯುವಂತಿಲ್ಲ. ಮಲಪ್ರಭೆ ಉಕ್ಕಿ ನರಗುಂದ ರೋಣ ತಾಲ್ಲೂಕುಗಳ ದಂಡೆಯ ಹಳ್ಳಿಗಳಿಗೆ ನುಗ್ಗಿತು. ಕೊಣ್ಣೂರು, ಹೊಳೆ ಆಲೂರುಗಳ ಕಡೆ ಮನೆಗಳು ನೀರಿನಲ್ಲಿ ನಿಂತವು. ಮಣ್ಣಿನ ಗೋಡೆಗಳು ನೆನೆದು ಕುಸಿದವು. ಎಷ್ಟೋ ದಶಕಗಳಿಂದ ದೋಣಿಯ ಅಗತ್ಯವೇ ಇಲ್ಲವೆಂದುಕೊಂಡಿದ್ದ ಊರುಗಳು ಯಾವ ಕಡೆಯಿಂದ ದೋಣಿ ಬಂದೀತೆಂದು ಕಾಯ್ದು ಕುಳಿತವು. ಹೊಳೆಯ ಹೆಸರನ್ನೇ ಹೊತ್ತ ಊರಿಗೆ ದೋಣಿ ಹೊರಗಿನಿಂದ ಬರಬೇಕಾಯಿತು! ಸೇತುವೆ ಇರುವುದು ನದಿಗೆ, ಪ್ರವಾಹಕ್ಕೆ ಸೇತುವೆಯಿಲ್ಲ. ಅಂದು ಬೇಕಾಗುವುದು ತೇಲುವ ವಿದ್ಯೆ.

ಸರಕಾರ ದೋಣಿಗಳನ್ನು ಇಡುತ್ತದೆ, ಇಡಲಿ. ಜೊತೆಗೆ ನಾವು ಮಾಡಬೇಕಾದ ಕೆಲಸವೂ ಒಂದುಂಟು. ತುಂಗಭದ್ರೆಯ ದಂಡೆಯಲ್ಲಿ ಹರಿಗೋಲು ಹೆಣೆಯಬಲ್ಲ ಮುದುಕರು ಇನ್ನೂ ಇದ್ದಾರೆ. ಅವರ ಬಾಯಲ್ಲಿ ಆ ಕಸಬಿನ ಮಾತುಗಳಿವೆ: ಬಿದಿರಿನ ಸೀಳುಗಳ ಹೆಸರು, ಹೆಣಿಗೆಯ ಹೆಸರು, ಸುಳಿಯ ಹೆಸರು, ನೀರಿನ ನಡೆಯ ಹೆಸರು. ನಿಘಂಟು ಸೇರದ ಆ ಮಾತುಗಳು ಅವರೊಡನೆಯೇ ಹೋಗುತ್ತವೆ. ನನ್ನ ವಿದ್ಯಾರ್ಥಿಗಳಿಗೆ ರಜೆಯಲ್ಲಿ ಇನ್ನು ಮುಂದೆ ಈ ಕೆಲಸವನ್ನೇ ಹೇಳುವುದೆಂದು ನಿಶ್ಚಯಿಸಿದ್ದೇನೆ. ಪ್ರಬಂಧ ಬರೆಯುವುದು ಬೇಡ. ಒಬ್ಬ ಅಂಬಿಗನನ್ನು ಹುಡುಕಿ, ಅವನು ಹೇಳಿದ್ದನ್ನು ಹೇಳಿದಂತೆಯೇ ಬರೆದು ತನ್ನಿ ಎಂದು. ಐದುನೂರು ವರ್ಷಗಳ ಹಿಂದೆ ಪೋರ್ತುಗೀಜನೊಬ್ಬ ಮಾಡಿದ ಕೆಲಸವನ್ನು ನಾವು ಈಗಲಾದರೂ ಮಾಡಬಹುದಲ್ಲವೆ?

ಕಳೆದ ತಿಂಗಳು ಮ‌ತ್ತೆ ಇಟಗಿಗೆ ಹೋಗಿದ್ದೆ. ಅಣ್ಣನ ಮಗನನ್ನು ಬಾವಿಗೆ ಕರೆದುಕೊಂಡು ಹೋಗಿ, ಹಿತ್ತಾಳೆಯ ಕೊಡಕ್ಕೆ ಹಗ್ಗ ಕಟ್ಟಿ ಅವನ ಕೈಗೆ ಕೊಟ್ಟೆ. ತುಂಬಿದ ಕೊಡವನ್ನು ನೀರಿನೊಳಗೇ ಒಮ್ಮೆ ಎಳೆಸಿದೆ, ಹೊರಗೆ ತೆಗೆದು ಒಮ್ಮೆ ಎಳೆಸಿದೆ. ಎರಡು ಸಲ ಮಾಡಿದ. ಮೂರನೆಯ ಸಲ ಕೊಡವನ್ನು ನೀರಿನಲ್ಲಿಯೇ ಬಿಟ್ಟು, ಹಗ್ಗ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ನಿಂತ.

"ನೀರು ಹಿಡಕೊಂಡೈತಿ, ಕಾಕಾ" ಎಂದ.

ನನಗೆ ಅದಕ್ಕಿಂತ ಚೆನ್ನಾಗಿ ಹೇಳಲು ಬರುತ್ತಿರಲಿಲ್ಲ.